ಖಾಶಾಬಾ ಜಾಧವರಿಗೆ ಸಿಗದ ಅರ್ಧ ತಾಸು

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕದ್ದು ನನ್ನದೇ ಊರು, ನವಲಗುಂದ ತಾಲೂಕಿನ ಮೊರಬ. ಗೊತ್ತಿರುವ ಊರಿನಲ್ಲಿ ಪಾಠ ಮಾಡುವುದು ಸುಲಭ ಎಂದು ಸಹಪಾಠಿಗಳು ಹೇಳಿ ಕಳಿಸಿದ್ದರು. ಅದೇನೂ ನಿಜವಲ್ಲ. ಒಂಬತ್ತನೇ ತರಗತಿಯ ಅರ್ಧ ಮಕ್ಕಳಿಗೆ ನಾನು ಯಾರ ಮನೆಯ ಹುಡುಗ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎಷ್ಟು ಅಂಕ ತೆಗೆದಿದ್ದೆ ಎಂಬುದೆಲ್ಲ ಗೊತ್ತಿತ್ತು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಅಪ್ಪನ ಜೊತೆ ಹೊಲದಲ್ಲಿ ಕಡಲೆ, ಹತ್ತಿ ನೋಡಿಕೊಂಡಿದ್ದು ಆಮೇಲೆ ಬಿ.ಇಡಿ. ಸೇರಿದವನು ನಾನು. ಅದೂ ಅವರಿಗೆ ಗೊತ್ತಿತ್ತು.

ಆ ತರಗತಿಯ ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗ ಮೊದಲ ಅವಧಿಯಲ್ಲೇ ತೂಕಡಿಸುತ್ತಿದ್ದ. ಮೊದಲ ವಾರದಲ್ಲಿ ಮೂರು ಸಲ ಅವನನ್ನು ಎಬ್ಬಿಸಿ ಹಿಂದೆ ನಿಲ್ಲಿಸಿದೆ. ಪಾಠ ವೀಕ್ಷಿಸಿದ ಸಹಪಾಠಿ ನನ್ನ ವೀಕ್ಷಣಾ ಪುಸ್ತಕದಲ್ಲಿ ತರಗತಿ ನಿಯಂತ್ರಣ ಚೆನ್ನಾಗಿದೆ ಎಂದು ಬರೆದ. ಎರಡನೇ ವಾರದಲ್ಲಿ ತಿಳಿಯಿತು, ಆ ಹುಡುಗ ನಸುಕಿನ ನಾಲ್ಕೂವರೆಗೆ ಎದ್ದು ಗರಡಿ ಮನೆಗೆ ಹೋಗುತ್ತಾನೆ, ಬೈಠಕ್, ದಂಡ ಹೊಡೆದು, ಮಣ್ಣಿನಲ್ಲಿ ಒಂದು ತಾಸು ಸಾಮು ಮಾಡಿ, ಮನೆಯ ಎಮ್ಮೆ ಹಿಂಡಿ, ಅಲ್ಲಿಂದ ಶಾಲೆಗೆ ಬರುತ್ತಾನೆ ಎಂದು. ನಾನು ಹುಟ್ಟಿ ಬೆಳೆದ ಊರಿನ ಗರಡಿಯಲ್ಲಿ ಇನ್ನೂ ಹುಡುಗರು ಇಳಿಯುತ್ತಾರೆ ಎಂಬುದೇ ನನಗೆ ಮರೆತುಹೋಗಿತ್ತು. ನಮ್ಮ ಸುತ್ತಲಿನದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಕಾಲಿಗೆ ಮೆತ್ತುತ್ತದೆ. ಈ ಮಣ್ಣಿನಲ್ಲಿ ಕುಸ್ತಿ ಆಗುವುದಿಲ್ಲ. ಕೆಂಪು ಮಣ್ಣನ್ನು ಧಾರವಾಡದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ತರಿಸಿ, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಹಾಕಿ ಹದ ಮಾಡಬೇಕು. ಅಷ್ಟು ಖರ್ಚು ಮಾಡಿ ಇವತ್ತಿಗೂ ಯಾರೋ ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಉಳಿದ ಹುಡುಗರಿಗೆ ಕುಸ್ತಿ ಎಂದರೆ ಟಿ.ವಿ.ಯ ಕುಸ್ತಿ. ಮಧ್ಯಾಹ್ನದ ಊಟದ ಹೊತ್ತಿಗೆ ರೋಮನ್ ರೇನ್ಸ್ ದೊಡ್ಡವನೋ ಬ್ರಾಕ್ ಲೆಸ್ನರ್ ದೊಡ್ಡವನೋ ಎಂಬ ಜಗಳ. ಅವರನ್ನು ದೂರುವ ಹಕ್ಕು ನನಗಿಲ್ಲ. ಅದೇ ಶಾಲೆಯ ಅದೇ ಕಟ್ಟೆಯ ಮೇಲೆ ನಾನೂ ಡಬ್ಲ್ಯೂಡಬ್ಲ್ಯೂಇ ಕಾರ್ಡು ಆಡಿದವನು. ಅಂಡರ್‌ಟೇಕರ್ ಕಾರ್ಡು ಕೈಯಲ್ಲಿದ್ದವನೇ ಆಗ ನಮಗೆ ರಾಜ. ಆದರೆ ನನಗೆ ಸೇರುತ್ತಿದ್ದವನು ರೇ ಮಿಸ್ಟೀರಿಯೊ. ಕುಳ್ಳ, ಮುಖವಾಡದವ, ತನಗಿಂತ ಎರಡರಷ್ಟು ಇದ್ದವರನ್ನು ಕೆಡವುತ್ತಿದ್ದವ. 2006ರ ರೆಸಲ್‌ಮೇನಿಯಾದಲ್ಲಿ ಆತ ವಿಶ್ವ ಹೆವಿವೇಟ್ ಪಟ್ಟ ಗೆದ್ದದ್ದನ್ನು ಎಷ್ಟೋ ವರ್ಷಗಳ ಮೇಲೆ ಮರುಪ್ರಸಾರದಲ್ಲಿ ನೋಡಿ ಕುಣಿದಾಡಿದ್ದೆ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿ ಆಡುವ ಆಟ ಅದು ಎಂದು ಕಾಕಾ ಹೇಳಿದ ದಿನ ಊಟ ಬಿಟ್ಟಿದ್ದೆ. ನಾನು ಕುಳ್ಳ. ಕುಳ್ಳರು ಗೆಲ್ಲುವುದನ್ನು ನೋಡಬೇಕಿತ್ತು, ಅಷ್ಟೆ.

ಇನ್ನು ಈ ಬರಹಕ್ಕೆ ಕಾರಣವಾದ ಸಂಗತಿ. ಇಂಟರ್ನ್‌ಶಿಪ್‌ನ ನಾಲ್ಕನೇ ವಾರದಲ್ಲಿ ಒಂದು ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕಾಯಿತು. ದೈಹಿಕ ಶಿಕ್ಷಕರು ಕಬಡ್ಡಿ ತಂಡದ ಜೊತೆ ಆ ಕಡೆ ಇದ್ದುದರಿಂದ ಕುಸ್ತಿಯ ಕಡೆ ನಾನು ನಿಂತೆ. ನಮ್ಮ ಹುಡುಗನದು 48 ಕೆ.ಜಿ. ವಿಭಾಗ. ಮೊದಲ ಕುಸ್ತಿಯನ್ನು ಪೂರ್ತಿ ಹೊತ್ತು ಜಗ್ಗಾಡಿ ಗೆದ್ದ. ಮ್ಯಾಟಿನಿಂದ ಇಳಿದು ನೀರು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಅವನ ಹೆಸರು ಕೂಗಿದರು. ಅವನು ನನ್ನ ಮುಖ ನೋಡಿದ. ಎದೆ ಏರಿಳಿಯುತ್ತಿತ್ತು. ಕರೆದಾಗ ಹೋಗಬೇಕು ಎಂದಷ್ಟೇ ನನಗೆ ತಿಳಿದಿತ್ತು. ಹೋಗೆಂದು ಕೈಸನ್ನೆ ಮಾಡಿದೆ. ಒಂದು ನಿಮಿಷವೂ ತಡೆಯಲಿಲ್ಲ, ಚಿತ್ ಆದ. ಎರಡು ಕುಸ್ತಿಗಳ ನಡುವೆ ಬಿಡುವು ಕೊಡಬೇಕೆಂಬ ನಿಯಮ ಕುಸ್ತಿಯಲ್ಲಿದೆ ಎಂದು ಮರಳಿ ಬರುವಾಗ ಬಸ್ಸಿನಲ್ಲಿ ದೈಹಿಕ ಶಿಕ್ಷಕರು ಹೇಳಿದರು. ನಾನು ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಯಾರೂ ಬೇಕೆಂದು ಮಾಡಿದ್ದಲ್ಲ, ಸಂಜೆಯೊಳಗೆ ಮುಗಿಸುವ ಅವಸರ. ಕೇಳಬೇಕಾದವನು ಅಲ್ಲೇ ನಿಂತಿದ್ದ, ಅವನಿಗೆ ಗೊತ್ತಿರಲಿಲ್ಲ.

ಆ ರಾತ್ರಿ ನಿದ್ದೆ ಬರದೆ ಫೋನಿನಲ್ಲಿ ಕುಸ್ತಿಯ ನಿಯಮ ಹುಡುಕುತ್ತ ಹೋದವನಿಗೆ ಸಿಕ್ಕವರು ಖಾಶಾಬಾ ದಾದಾಸಾಹೇಬ ಜಾಧವ. ಹೆಸರು ಮೊದಲೇ ಕೇಳಿದ್ದೆ. 2023ರ ಜನವರಿ 15ರಂದು, ಅವರ 97ನೇ ಹುಟ್ಟುಹಬ್ಬಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದವರು ಎಂಬುದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಸಾಲು. ಸಿ.ಇ.ಟಿ. ಬರೆಯುವವರಿಗೆ ಅಷ್ಟು ಸಾಕು. ನನಗೂ ಅಷ್ಟೇ ಗೊತ್ತಿತ್ತು.

ಅವರು ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡದ ಪಕ್ಕದ ಗೋಳೇಶ್ವರ ಎಂಬ ಸಣ್ಣ ಹಳ್ಳಿಯಲ್ಲಿ. ಕರಾಡ ನಮಗೆ ದೂರದ ಊರೇನಲ್ಲ. ಹುಬ್ಬಳ್ಳಿಯಲ್ಲಿ ಪುಣೆಯ ರೈಲು ಹತ್ತಿದರೆ ಬೆಳಗಾವಿ, ಮೀರಜ್, ಸಾಂಗ್ಲಿ ದಾಟಿ ಬರುವ ನಿಲ್ದಾಣ. ಕೃಷ್ಣೆ ಮತ್ತು ಕೊಯ್ನಾ ಕೂಡುವುದು ಅಲ್ಲೇ, ಅಲ್ಲಿಂದ ಹರಿದ ನೀರೇ ಮುಂದೆ ನಮ್ಮ ಚಿಕ್ಕೋಡಿ, ಜಮಖಂಡಿಗಳ ಕಡೆ ಬರುವುದು. ಆಗಿನ ಕಾಲಕ್ಕೆ ಧಾರವಾಡವೂ ಸಾತಾರಾವೂ ಒಂದೇ ಮುಂಬಯಿ ಪ್ರಾಂತ್ಯದ ಜಿಲ್ಲೆಗಳು. 1956ರವರೆಗೂ ಹಾಗೇ ಇತ್ತು. ಅಂದರೆ ಜಾಧವರು ಪದಕ ಗೆದ್ದ ದಿನ ಮೊರಬದ ರೈತನಿಗೂ ಗೋಳೇಶ್ವರದ ರೈತನಿಗೂ ಒಂದೇ ಸರ್ಕಾರ. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಮೊದಲ ಸಲ ತಲೆ ಎತ್ತಿದರು.

ತಂದೆ ದಾದಾಸಾಹೇಬರೂ ಪೈಲ್ವಾನರು. ಐದು ಗಂಡುಮಕ್ಕಳಲ್ಲಿ ಖಾಶಾಬಾ ಕೊನೆಯವರು. ಐದು ವರ್ಷಕ್ಕೇ ತಂದೆ ಅವರನ್ನು ಮಣ್ಣಿಗೆ ಇಳಿಸಿದರು. ಕರಾಡದ ಟಿಳಕ ಹೈಸ್ಕೂಲಿನಲ್ಲಿ 1940ರಿಂದ 1947ರವರೆಗೆ ಓದು. ನಡುವೆ 1942ರ ಚಳವಳಿ. ಸಾತಾರಾ ಜಿಲ್ಲೆ ಆಗ ಕುದಿಯುತ್ತಿತ್ತು, ನಾನಾ ಪಾಟೀಲರ ಪ್ರತಿಸರ್ಕಾರ ನಡೆದ ನೆಲ ಅದು. ಈ ಹುಡುಗನೂ ಭೂಗತ ಹೋರಾಟಗಾರರಿಗೆ ಆಸರೆ ಕೊಡುವ, ಚೀಟಿ ಮುಟ್ಟಿಸುವ ಕೆಲಸ ಮಾಡಿದನೆಂದು ಹೇಳುತ್ತಾರೆ.

ಅಲ್ಲಿಂದ ಕೊಲ್ಹಾಪುರ. ಕುಸ್ತಿಯ ಮಟ್ಟಿಗೆ ಆ ಊರು ಏನೆಂಬುದನ್ನು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಜರ್ಷಿ ಶಾಹೂ ಮಹಾರಾಜರು ಅಲ್ಲಿ ಖಾಸಬಾಗ್ ಮೈದಾನವನ್ನೇ ಕಟ್ಟಿಸಿದರು. ಸುತ್ತಲೂ ಎತ್ತರಕ್ಕೆ ಕೂರುವ ಜಾಗ, ನಡುವೆ ಕೆಮ್ಮಣ್ಣಿನ ಅಖಾಡ, ಎಲ್ಲಿ ಕೂತರೂ ಕುಸ್ತಿ ಕಾಣಬೇಕು. ಗಂಗಾವೇಸ, ಮೋತಿಬಾಗ, ಶಾಹೂಪುರಿ ತಾಲೀಮುಗಳಲ್ಲಿ ಕನ್ನಡದ ಹುಡುಗರು ಆಗಲೂ ಇದ್ದರು, ಈಗಲೂ ಇದ್ದಾರೆ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ನಮ್ಮ ಚಿಕ್ಕೋಡಿ ತಾಲೂಕಿನ ಎಕ್ಸಂಬಾದವರು, ಹೆಸರು ಮಾಡಿದ್ದು ಕೊಲ್ಹಾಪುರದಲ್ಲಿ. ನಮ್ಮ ಕಾಕಾನ ಬಾಯಲ್ಲಿ ಈ ಹೆಸರು ಆಗಾಗ ಬರುತ್ತಿತ್ತು, ಜಾಧವರ ಹೆಸರು ಮಾತ್ರ ಒಮ್ಮೆಯೂ ಬಂದದ್ದು ನೆನಪಿಲ್ಲ. ಹಳ್ಳಿಯ ಕುಸ್ತಿಪ್ರೇಮಿಗಳಿಗೆ ದೊಡ್ಡ ಆಳೆಂದರೆ ಪ್ರೀತಿ. ಜಾಧವರು ಐದೂವರೆ ಅಡಿಯೂ ಇರಲಿಲ್ಲ.

ಆ ಮೈಕಟ್ಟೇ ರಾಜಾರಾಮ ಕಾಲೇಜಿನಲ್ಲಿ ಅವರಿಗೆ ಅಡ್ಡ ಬಂತು. ವಾರ್ಷಿಕ ಕ್ರೀಡಾಕೂಟದ ಕುಸ್ತಿಗೆ ಹೆಸರು ಕೊಡಲು ಹೋದಾಗ ಕ್ರೀಡಾ ಶಿಕ್ಷಕರು ಈ ಸಣಕಲ ಹುಡುಗನನ್ನು ನೋಡಿ ಆಗದೆಂದರು. ಹುಡುಗ ನೇರ ಪ್ರಾಂಶುಪಾಲರ ಬಳಿ ಹೋದ. ಅವರು ಅವಕಾಶ ಕೊಟ್ಟರು. ತನಗಿಂತ ದೊಡ್ಡವರನ್ನು ಒಬ್ಬರಾದ ಮೇಲೆ ಒಬ್ಬರನ್ನು ಖಾಶಾಬಾ ಕೆಡವಿದರು. ಇಲ್ಲಿ ನಾನು ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಬ್ಬ ಶಿಕ್ಷಕ ನೋಟದಲ್ಲೇ ತೀರ್ಮಾನಿಸಿದ, ಇನ್ನೊಬ್ಬ ಶಿಕ್ಷಕ ಹುಡುಗನ ಮಾತು ಕೇಳಿದ. ಮೂರನೇ ಬೆಂಚಿನ ಹುಡುಗನ ವಿಷಯದಲ್ಲಿ ನಾನು ಮೊದಲನೆಯವನಾಗಿದ್ದೆ.

ಬಾಬುರಾವ್ ಬಲಾವಡೆ ಮತ್ತು ಬೇಲಾಪುರೆ ಗುರೂಜಿ ಅವರನ್ನು ತಿದ್ದಿದರು. ಜಾಧವರ ಮೆಚ್ಚಿನ ಡಾವು ಢಾಕ್. ಎದುರಾಳಿಯ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಸೊಂಟ ತಿರುಗಿಸಿ, ಅವನನ್ನು ತನ್ನ ಮೇಲಿಂದಲೇ ನೆಲಕ್ಕೆ ಒಗೆಯುವುದು. ಇದನ್ನು ನಾನು ವಿಜ್ಞಾನದ ಪಾಠಕ್ಕೇ ತಂದೆ. ಒಂದು ವಸ್ತುವಿನ ಗುರುತ್ವ ಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ ಪಾದಗಳ ನಡುವಿನ ಜಾಗದಲ್ಲಿ ಬೀಳುವವರೆಗೆ ಅದು ನಿಂತಿರುತ್ತದೆ, ಗೆರೆ ಹೊರಗೆ ಹೋದರೆ ಉರುಳುತ್ತದೆ. ಮಕ್ಕಳನ್ನು ಒಬ್ಬೊಬ್ಬರಾಗಿ ಹಿಮ್ಮಡಿ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ಮೊಣಕಾಲು ಮಡಚದೆ ಕಾಲಬುಡದ ಡಸ್ಟರ್ ಎತ್ತಲು ಹೇಳಿದೆ. ಯಾರಿಗೂ ಆಗಲಿಲ್ಲ, ಎಲ್ಲರೂ ಮುಗ್ಗರಿಸಿದರು. ಬಗ್ಗುವಾಗ ನಾವು ದಿನವೂ ಸೊಂಟವನ್ನು ಹಿಂದಕ್ಕೆ ಒಯ್ಯುತ್ತೇವೆ, ಗೋಡೆ ಅದನ್ನು ತಡೆಯಿತು. ಢಾಕ್ ಹಾಕುವವನು ಎದುರಾಳಿಯ ತಲೆಯನ್ನು ಬಗ್ಗಿಸಿ ಹಿಡಿದು ಇದನ್ನೇ ಮಾಡುತ್ತಾನೆ, ಆ ಗೆರೆಯನ್ನು ಪಾದದ ಹೊರಗೆ ತರುತ್ತಾನೆ. ಆಮೇಲೆ ಅವನ ಸೊಂಟ ಸನ್ನೆಕೋಲಿನ ಆಧಾರದಂತೆ ಕೆಲಸ ಮಾಡುತ್ತದೆ. ಕುಳ್ಳನಿಗೆ ಇದರಲ್ಲಿ ಅನುಕೂಲ ಹೆಚ್ಚು, ಎದುರಾಳಿಯ ಸೊಂಟದ ಕೆಳಗೆ ಅವನು ಸುಲಭವಾಗಿ ಸೇರಿಕೊಳ್ಳುತ್ತಾನೆ. ನಾನು ಹಲಗೆಯ ಮೇಲೆ ಬರೆದ ಚಿತ್ರದಲ್ಲಿ ಪಾದದ ಜಾಗ ತಪ್ಪಿತ್ತು. ಮೂರನೇ ಬೆಂಚಿನ ಹುಡುಗ ಎದ್ದು ಬಂದು, ಸೀಮೆಸುಣ್ಣ ಇಸಿದುಕೊಂಡು, ಎಡಗಾಲನ್ನು ಒಳಗೆ ತಂದು ಬರೆದ. ಅವತ್ತು ಅವನು ತೂಕಡಿಸಲಿಲ್ಲ. ಇದು ಪಠ್ಯದ ವ್ಯಾಪ್ತಿ ಮೀರಿತು ಎಂದು ಮಾರ್ಗದರ್ಶಕರು ಟೀಕೆ ಬರೆದರು. ಒಪ್ಪಿಕೊಂಡೆ.

ಜಾಧವರ ಮೊದಲ ಒಲಿಂಪಿಕ್ಸ್ 1948ರ ಲಂಡನ್. ಪ್ರಯಾಣದ ಖರ್ಚು ಕೊಟ್ಟವರು ಕೊಲ್ಹಾಪುರದ ಮಹಾರಾಜರು. ಅಲ್ಲಿ ತರಬೇತಿ ಕೊಟ್ಟವರು ಅಮೆರಿಕದ ರೀಸ್ ಗಾರ್ಡ್ನರ್. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿದವರು ಮೊದಲ ಸಲ ಮ್ಯಾಟ್ ಮೇಲೆ ನಿಂತದ್ದು ಆಗಲೇ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮಣ್ಣಿನಲ್ಲಿ ಬೆರಳು ಊರಿ ನಿಲ್ಲಬಹುದು, ಎದುರಾಳಿಯ ಬೆವರಿದ ಮೈಗೆ ಮಣ್ಣು ಹಾಕಿ ಹಿಡಿತ ಗಟ್ಟಿ ಮಾಡಿಕೊಳ್ಳಬಹುದು, ಚಿತ್ ಆಗುವವರೆಗೆ ಕುಸ್ತಿ ಮುಗಿಯುವುದಿಲ್ಲ. ಮ್ಯಾಟಿನ ಮೇಲೆ ಬೂಟು, ಗಡಿಯಾರ, ಅಂಕ. ಅಷ್ಟಿದ್ದೂ ಅವರು ಆಸ್ಟ್ರೇಲಿಯಾದ ಬರ್ಟ್ ಹ್ಯಾರಿಸ್‌ರನ್ನು ಕೆಲವೇ ನಿಮಿಷಗಳಲ್ಲಿ ಕೆಡವಿದರು, ಅಮೆರಿಕದ ಬಿಲ್ಲಿ ಜರ್ನಿಗನ್‌ರನ್ನೂ ಸೋಲಿಸಿದರು, ಇರಾನಿನ ಮನ್ಸೂರ್ ರಯೀಸಿ ಎದುರು ಸೋತರು. ಫ್ಲೈವೇಟ್‌ನಲ್ಲಿ ಆರನೇ ಸ್ಥಾನ ಸಿಕ್ಕಿತು.

ಊರಿಗೆ ಬಂದವರು ಮುಂದಿನ ನಾಲ್ಕು ವರ್ಷ ಆ ಮ್ಯಾಟಿನ ಕುಸ್ತಿಯನ್ನೇ ಕಲಿತರು. ತೂಕ ಏರಿಸಿ 57 ಕೆ.ಜಿ.ಯ ಬ್ಯಾಂಟಂವೇಟ್‌ಗೆ ಬಂದರು. ಆದರೆ ಈ ನಡುವೆ ಕೊಲ್ಹಾಪುರದ ಸ್ಥಿತಿ ಬದಲಾಗಿತ್ತು. 1949ರ ಮಾರ್ಚಿನಲ್ಲಿ ಆ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಕಳಿಸಿಕೊಡಲು ಇನ್ನು ರಾಜ್ಯವಿದ್ದ ಮಹಾರಾಜರಿರಲಿಲ್ಲ. ಅದಕ್ಕಿಂತ ಮೊದಲು ಆಯ್ಕೆಯ ತೊಡಕು. ಮದರಾಸಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬೇಕೆಂದೇ ತನಗೆ ಒಂದು ಅಂಕ ಕಡಿಮೆ ಕೊಟ್ಟು ಹೊರಗಿಟ್ಟರೆಂಬುದು ಜಾಧವರ ದೂರು. ಅವರು ಸುಮ್ಮನಾಗಲಿಲ್ಲ, ಪಟಿಯಾಲದ ಮಹಾರಾಜರವರೆಗೆ ಹೋದರು. ಕುಸ್ತಿ ಬಲ್ಲ ಮಹಾರಾಜರು ಮತ್ತೊಮ್ಮೆ ಕುಸ್ತಿ ಹಿಡಿಸಿದರು. ಜಾಧವರು ಎದುರಾಳಿಯನ್ನು ಕೆಡವಿ ತಂಡಕ್ಕೆ ಸೇರಿದರು.

ಆಯ್ಕೆ ಆಯಿತು, ದುಡ್ಡಿಲ್ಲ. ಸರ್ಕಾರದ ಬಾಗಿಲಲ್ಲಿ ಹೊತ್ತಿಗೆ ಬೇಕಾದಷ್ಟು ಸಿಗಲಿಲ್ಲ. ಗೋಳೇಶ್ವರದ ಜನ, ಕರಾಡದ ಜನ ಕೈಲಾದಷ್ಟು ಪಟ್ಟಿ ಎತ್ತಿದರು. ಅದೂ ಸಾಲಲಿಲ್ಲ. ಆಗ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. 1952ರ 7,000 ರೂಪಾಯಿ. ತನ್ನ ಕಾಲೇಜು ಬಿಟ್ಟುಹೋಗಬಹುದಾದ ಒಬ್ಬ ವಿದ್ಯಾರ್ಥಿಗಾಗಿ, ಗೆಲ್ಲುತ್ತಾನೆಂಬ ಖಾತ್ರಿಯೂ ಇಲ್ಲದೆ. ಖರ್ಡೀಕರರ ಬಗ್ಗೆ ಇನ್ನೂ ತಿಳಿಯಬೇಕೆಂದು ಬಹಳ ಹುಡುಕಿದೆ. ಜಾಧವರ ಕಥೆಯಲ್ಲಿ ಬರುವ ಈ ಒಂದು ಸಂಗತಿ ಬಿಟ್ಟರೆ ಹೆಚ್ಚೇನೂ ಕೈಗೆ ಸಿಗಲಿಲ್ಲ. ಶಿಕ್ಷಕರ ದಿನಾಚರಣೆಯಲ್ಲಿ ನಾವು ಹೇಳುವ ಹೆಸರುಗಳ ಸಾಲಿನಲ್ಲಿ ಇವರ ಹೆಸರನ್ನು ನಾನು ಎಂದೂ ಕೇಳಿಲ್ಲ.

ಹೆಲ್ಸಿಂಕಿಯಲ್ಲಿ ಅವರು ಕೆನಡಾದ ಏಡ್ರಿಯನ್ ಪೊಲಿಕ್ವಿನ್, ಮೆಕ್ಸಿಕೊದ ಲಿಯೊನಾರ್ಡೊ ಬಸುರ್ಟೊ, ಜರ್ಮನಿಯ ಫರ್ಡಿನಾಂಡ್ ಶ್ಮಿಟ್ಜ್ ಇವರನ್ನು ದಾಟಿ ಮುಂದೆ ಹೋದರು. ಆಗಿನ ಪದ್ಧತಿಯಲ್ಲಿ ಒಮ್ಮೆ ಸೋತರೆ ಹೊರಗೆ ಎಂದಿರಲಿಲ್ಲ. ಸೋಲಿಗೆ, ಪೂರ್ತಿಯಾಗದ ಗೆಲುವಿಗೆ ಕೆಟ್ಟ ಅಂಕ ಸೇರುತ್ತಾ ಹೋಗುತ್ತಿತ್ತು, ಮಿತಿ ಮುಟ್ಟಿದವನು ಹೊರಗೆ. ಕೊನೆಗೆ ಉಳಿದ ಮೂವರಲ್ಲಿ ಜಾಧವರು ಒಬ್ಬರು. ಇನ್ನಿಬ್ಬರು ಜಪಾನಿನ ಶೋಹಾಚಿ ಇಶಿ ಮತ್ತು ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೊವ್. ಜುಲೈ 23. ಇಶಿ ಜೊತೆಗಿನ ಕುಸ್ತಿ ಬಹಳ ಹೊತ್ತು ಎಳೆಯಿತು, ಜಾಧವರು ಸೋತರು. ಮ್ಯಾಟಿನಿಂದ ಇಳಿದ ಕೂಡಲೇ ಮಮ್ಮದ್‌ಬೆಯೊವ್ ಜೊತೆ ಕುಸ್ತಿಗೆ ಕರೆ ಬಂತು. ಎರಡು ಕುಸ್ತಿಗಳ ನಡುವೆ ಅರ್ಧ ತಾಸಾದರೂ ಬಿಡುವು ಇರಬೇಕೆಂಬುದು ನಿಯಮ. ಅದನ್ನು ಎತ್ತಿ ಹೇಳಲು ಭಾರತದ ಒಬ್ಬ ಅಧಿಕಾರಿಯೂ ಆ ಹೊತ್ತಿಗೆ ಅಲ್ಲಿರಲಿಲ್ಲ. ದಣಿದ ಮೈಯಲ್ಲೇ ಜಾಧವರು ಮ್ಯಾಟ್ ಹತ್ತಿದರು, ಸೋತರು. ಇಶಿಗೆ ಬಂಗಾರ, ಮಮ್ಮದ್‌ಬೆಯೊವ್‌ಗೆ ಬೆಳ್ಳಿ, ಜಾಧವರಿಗೆ ಕಂಚು.

ಇದನ್ನು ಓದಿದಾಗ ರಾತ್ರಿ ಒಂದೂವರೆ ಆಗಿತ್ತು. ನಮ್ಮ ಹುಡುಗ ನೀರಿನ ಬಾಟಲಿ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ್ದು ಕಣ್ಣಿಗೆ ಕಟ್ಟಿತು. ಹೆಲ್ಸಿಂಕಿಯಲ್ಲಿ ಯಾರೂ ಇರಲಿಲ್ಲ, ಇಲ್ಲಿ ನಾನಿದ್ದೆ. ಬಿಡುವು ಸಿಕ್ಕಿದ್ದರೆ ಜಾಧವರು ಬಂಗಾರವನ್ನೇ ತರುತ್ತಿದ್ದರು ಎಂದು ಬರೆದವರಿದ್ದಾರೆ. ನನಗೆ ಹಾಗೆ ಹೇಳುವ ಧೈರ್ಯವಿಲ್ಲ, ಆ ಇಬ್ಬರೂ ಸಾಮಾನ್ಯರಲ್ಲ. ಆ ಕೂಟದಲ್ಲಿ ಜಪಾನಿಗೆ ಸಿಕ್ಕ ಒಂದೇ ಒಂದು ಬಂಗಾರ ಇಶಿಯದು. ನಮ್ಮ ಹುಡುಗನೂ ಬಿಡುವು ಸಿಕ್ಕಿದ್ದರೆ ಗೆಲ್ಲುತ್ತಿದ್ದ ಎಂದು ನಾನು ಹೇಳಲಾರೆ. ಸೋಲುವುದಾದರೂ ಉಸಿರು ತಿರುಗಿಸಿಕೊಂಡು ಸೋಲಬಹುದಿತ್ತು.

ಮರುದಿನ, ಜುಲೈ 24ಕ್ಕೆ, ಭಾರತದ ಹಾಕಿ ತಂಡ ನೆದರ್ಲೆಂಡ್ಸ್ ತಂಡವನ್ನು 6–1ರಿಂದ ಸೋಲಿಸಿ ಬಂಗಾರ ಗೆದ್ದಿತು. ಬಲಬೀರ್ ಸಿಂಗ್ ಒಬ್ಬರೇ ಐದು ಗೋಲು ಹೊಡೆದರು. ದೇಶದ ಕಣ್ಣೆಲ್ಲ ಅತ್ತ ಹೋಯಿತು. ಅದೇ ಹೆಲ್ಸಿಂಕಿಯಲ್ಲಿ ಕೇಶವ ಮಾಣಗಾವೆ ಎಂಬ ಇನ್ನೊಬ್ಬ ಭಾರತೀಯ ಪೈಲ್ವಾನ ಫೆದರ್‌ವೇಟ್‌ನಲ್ಲಿ ನಾಲ್ಕನೆಯವರಾದದ್ದಂತೂ ಯಾರಿಗೂ ನೆನಪಿಲ್ಲ.

ಕರಾಡದವರು ಮಾತ್ರ ಮರೆಯಲಿಲ್ಲ. ರೈಲಿನಿಂದ ಇಳಿದ ಜಾಧವರನ್ನು ನೂರಕ್ಕೂ ಹೆಚ್ಚು ಚಕ್ಕಡಿಗಳ ಮೆರವಣಿಗೆಯಲ್ಲಿ ಗೋಳೇಶ್ವರಕ್ಕೆ ಕರೆದೊಯ್ದರು. ಕಾಲು ತಾಸಿನ ದಾರಿ ಏಳು ತಾಸು ಹಿಡಿಯಿತಂತೆ. ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು ಸಾಲು ಚಕ್ಕಡಿ ಹೋಗುವುದನ್ನು ಕಂಡ ನಮ್ಮ ಮಕ್ಕಳಿಗೆ ಆ ಚಿತ್ರವನ್ನು ವಿವರಿಸಬೇಕಾಗಲಿಲ್ಲ. ಅಷ್ಟೆಲ್ಲ ಆದ ಮೇಲೆ ಜಾಧವರು ಮೊದಲು ಮಾಡಿದ ಕೆಲಸ ಕೊಲ್ಹಾಪುರದಲ್ಲಿ ಕುಸ್ತಿ ಏರ್ಪಡಿಸಿ, ತಾವೂ ಅಖಾಡಕ್ಕಿಳಿದು ಗೆದ್ದು, ಬಂದ ಹಣದಿಂದ ಖರ್ಡೀಕರರ ಋಣ ತೀರಿಸಿದ್ದು. ಒಲಿಂಪಿಕ್ಸ್ ಪದಕ ಕೊರಳಲ್ಲಿ ಇದ್ದವರು ಮತ್ತೆ ಮಣ್ಣಿಗೆ ಇಳಿದದ್ದು ಗುರುವಿನ ಮನೆ ಬಿಡಿಸಲು.

ಮುಂದಿನ ಬದುಕನ್ನು ಬೇಗ ಹೇಳಿ ಮುಗಿಸಬಹುದು, ಅದರಲ್ಲಿ ಸಂತೋಷ ಕಡಿಮೆ. 1955ರಲ್ಲಿ ಮುಂಬಯಿ ಪೊಲೀಸ್ ಇಲಾಖೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದರು. 1956ರ ಮೆಲ್ಬರ್ನ್‌ಗೆ ತಯಾರಾಗುತ್ತಿದ್ದಾಗ ಮೊಣಕಾಲಿಗೆ ದೊಡ್ಡ ಪೆಟ್ಟಾಗಿ ಅಲ್ಲಿಗೆ ಅವರ ಒಲಿಂಪಿಕ್ಸ್ ಮುಗಿಯಿತು. ಇಲಾಖೆಯ ಕುಸ್ತಿ ಆಡಿದರು, ಹುಡುಗರಿಗೆ ಕಲಿಸಿದರು. ಬಡ್ತಿ ತಡವಾಗಿ ಬಂತು, ಸಹಾಯಕ ಪೊಲೀಸ್ ಆಯುಕ್ತರಾಗಿ ನಿವೃತ್ತರಾದರು. ಪಿಂಚಣಿಗೆ ಅಲೆದಾಡಬೇಕಾಯಿತು. ಹೆಂಡತಿಯ ಒಡವೆ ಮಾರಿ ಊರಲ್ಲಿ ಮನೆ ಕಟ್ಟಿದರೆಂದು ಹೇಳುತ್ತಾರೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಜ್ಯೋತಿ ಹಿಡಿದು ಓಡುವ ಅವಕಾಶ ಅವರಿಗೆ ಸಿಕ್ಕಿತು. ಎರಡು ವರ್ಷದ ಮೇಲೆ, 1984ರ ಆಗಸ್ಟ್ 14ರಂದು, ರಸ್ತೆ ಅಪಘಾತದಲ್ಲಿ ತೀರಿಕೊಂಡರು. 58 ವರ್ಷ. ಅವರ ನಂತರ ಭಾರತಕ್ಕೆ ಇನ್ನೊಂದು ವೈಯಕ್ತಿಕ ಪದಕ ಬಂದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್ ಟೆನಿಸ್ ಕಂಚು ಗೆದ್ದಾಗ. ನಡುವೆ 44 ವರ್ಷ. ಅರ್ಜುನ ಪ್ರಶಸ್ತಿ ಮರಣಾನಂತರ ಬಂತು, ತೀರಿಕೊಂಡು ಹದಿನೈದು ವರ್ಷ ಕಳೆದ ಮೇಲೆ. 2010ರಲ್ಲಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು.

ಇಂಟರ್ನ್‌ಶಿಪ್‌ನ ಕೊನೆಯ ವಾರ ಈ ಕಥೆಯನ್ನು ಒಂಬತ್ತನೇ ತರಗತಿಗೆ ಒಂದು ಪೂರ್ತಿ ಅವಧಿ ಹೇಳಿದೆ. ಪಾಠಯೋಜನೆ ಬರೆದಿರಲಿಲ್ಲ, ಚಾರ್ಟ್ ಇರಲಿಲ್ಲ, ಮೌಲ್ಯಮಾಪನಕ್ಕೆ ಪ್ರಶ್ನೆಗಳಿರಲಿಲ್ಲ. ಲಂಡನ್‌ಗೆ ಬಂದಾಗ ರೋಮನ್ ರೇನ್ಸ್ ಅಭಿಮಾನಿಗಳು ಅವನ ಎದುರು ಜಾಧವರು ನಿಲ್ಲುತ್ತಿದ್ದರೇ ಎಂದು ಕೇಳಿದರು. ತೂಕದ ವಿಭಾಗ ಎಂದರೇನೆಂದು ವಿವರಿಸಲು ಹತ್ತು ನಿಮಿಷ ಹೋಯಿತು. ಹುಡುಗಿಯೊಬ್ಬಳು ಖರ್ಡೀಕರರಿಗೆ ಮನೆ ನಿಜವಾಗಿ ವಾಪಸ್ ಸಿಕ್ಕಿತೇ ಎಂದು ಎರಡು ಸಲ ಕೇಳಿದಳು. ಅವಳ ಮನೆಯ ಹೊಲವೂ ಬ್ಯಾಂಕಿನಲ್ಲಿದೆ ಎಂದು ಆಮೇಲೆ ತಿಳಿಯಿತು. ಮೂರನೇ ಬೆಂಚಿನ ಹುಡುಗ ಏನೂ ಕೇಳಲಿಲ್ಲ. ಅರ್ಧ ತಾಸಿನ ಮಾತು ಬಂದಾಗ ಮಾತ್ರ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಕ್ರೀಡಾಕೂಟದಲ್ಲಿ ಆದದ್ದು ನನ್ನ ತಪ್ಪೆಂದು ಎಲ್ಲರೆದುರೇ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಮಕ್ಕಳಿಗೆ ಅದು ಅಷ್ಟು ದೊಡ್ಡ ವಿಷಯವೆನಿಸಲಿಲ್ಲ, ಗಂಟೆ ಹೊಡೆದ ಕೂಡಲೇ ಎದ್ದು ಓಡಿದರು.

ಸಂಜೆ ಆ ಹುಡುಗ ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಬಿಡುವಿನ ನಿಯಮ ಎಲ್ಲಿ ಬರೆದಿದೆ, ಅದರ ಹಾಳೆ ಸಿಗುತ್ತದೆಯೇ ಎಂದು ಕೇಳಿದ. ಮುಂದಿನ ಕೂಟಕ್ಕೆ ನಾನಿರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಫೋನಿನಲ್ಲಿದ್ದ ನಿಯಮ ಇಂಗ್ಲಿಷಿನಲ್ಲಿತ್ತು. ಕೂತು ಕನ್ನಡಕ್ಕೆ ತಿರುಗಿಸಿ, ಉಳಿದಿದ್ದ ಪಾಠಯೋಜನೆಯ ಹಾಳೆಯ ಹಿಂದೆ ದೊಡ್ಡಕ್ಷರದಲ್ಲಿ ಬರೆದೆ. ಅವನು ಅದನ್ನು ಅಲ್ಲೇ ಒಮ್ಮೆ ಗಟ್ಟಿಯಾಗಿ ಓದಿದ. ಒಂದು ಶಬ್ದ ಕಠಿಣವಾಯಿತು ಎಂದ, ಅದನ್ನು ಹೊಡೆದು ಸರಳ ಶಬ್ದ ಹಾಕಿದೆ. ಮತ್ತೊಮ್ಮೆ ಓದಿ, ನಾಲ್ಕು ಮಡಿಕೆ ಮಾಡಿ ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಎಮ್ಮೆ ಹಿಂಡುವ ಹೊತ್ತಾಯಿತೆಂದು ಹೋದ.